ಅಕ್ಕ ಸತ್ತ ಎಣಿಕೆ

ಎರಡು ಮಾಡದೆ ಒಂದನ್ನು ಬಳಸದ ಊರೊಂದಿತ್ತು. ಆ ಊರಿನಲ್ಲಿ ಏಣಿ ಕಟ್ಟಿದರೆ ಎರಡು ಏಣಿ, ಕೊಡ ತಟ್ಟಿದರೆ ಎರಡು ಕೊಡ, ನೊಗ ಕೆತ್ತಿದರೆ ಎರಡು ನೊಗ. ಒಂದೇ ಮರದಿಂದ, ಒಂದೇ ಮಣ್ಣಿನಿಂದ, ಒಂದೇ ಕೈಯಿಂದ, ಒಂದೇ ದಿನ. ಮೊದಲು ಮುಗಿದದ್ದು ಅಕ್ಕ, ಆಮೇಲೆ ಮುಗಿದದ್ದು ತಂಗಿ. ಅಕ್ಕನನ್ನು ಮುರಿಯುತ್ತಿದ್ದರು. ತಂಗಿಯನ್ನು ಬಳಸುತ್ತಿದ್ದರು.

ಹಾಗಂತ ಸುಮ್ಮಸುಮ್ಮನೆ ಮುರಿಯುತ್ತಿರಲಿಲ್ಲ. ಊರ ನಡುವೆ ಒಂದು ಕಲ್ಲಂಗಳ, ಅಲ್ಲಿ ಒಂದೊಂದು ತಲೆಹೊರೆ ತೂಗುವ ಕಲ್ಲುಗಳ ರಾಶಿ. ಅಕ್ಕನಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ‘ಅಕ್ಕಾ, ತಂಗಿಗೋಸ್ಕರ ಹೇಳು’ ಎಂದು ಕೇಳಿಕೊಂಡು ಕಲ್ಲು ಹೇರುತ್ತಿದ್ದರು. ಒಂದು. ಇನ್ನೊಂದು. ಮತ್ತೊಂದು. ಯಾವ ಕಲ್ಲಿಗೆ ಅಕ್ಕ ಸತ್ತಳೋ ಆ ಎಣಿಕೆಯನ್ನು ಮೂರು ಸಲ ಕೂಗಬೇಕು. ಊರು ಅದನ್ನು ಮೂರು ಸಲ ತಿರುಗಿ ಹೇಳಬೇಕು. ಆ ಎಣಿಕೆಯ ಮೂರನೇ ಒಂದು ಪಾಲನ್ನಷ್ಟೇ ತಂಗಿಯ ಮೇಲೆ ಹೊರಿಸಬೇಕು. ಅಷ್ಟು ಗಟ್ಟಿ ಇದ್ದವಳಿಗೆ ಇಷ್ಟೇ ಯಾಕೆ ಎಂದು ದಾರಿಹೋಕರು ಕೇಳಿದರೆ ಮುದುಕಿಯರು ಬೆರಳು ಮಡಿಸುತ್ತಿದ್ದರು. ಒಂದು ಪಾಲು ನಮಗೆ. ಒಂದು ಪಾಲು ನಾವು ಮರೆತದ್ದಕ್ಕೆ. ಒಂದು ಪಾಲು ನಮಗೆ ಗೊತ್ತಿಲ್ಲದ್ದಕ್ಕೆ.

ಸತ್ತ ಅಕ್ಕಂದಿರ ತುಂಡುಗಳನ್ನು ಅಂಗಳದ ಪಕ್ಕದ ಉದ್ದನೆಯ ಮನೆಯಲ್ಲಿ ಗೂಟಕ್ಕೆ ತೂಗುಹಾಕುತ್ತಿದ್ದರು. ಹೊಸ ಸೊಸೆ ಊರಿಗೆ ಬಂದರೆ ಮೊದಲು ಆ ಮನೆಗೆ ಕೈ ಮುಗಿದು ಆಮೇಲೆ ಗಂಡನ ಮನೆಯ ಹೊಸ್ತಿಲು ತುಳಿಯಬೇಕು. ಹಾಗಿತ್ತು ಕಟ್ಟಳೆ.

ಕಲ್ಲು ಹೇರುವವನನ್ನು ಊರು ಭಾರದವನು ಎಂದು ಕರೆಯುತ್ತಿತ್ತು. ಈ ಕಥೆಯ ಭಾರದವನು ಆ ಊರಿನಲ್ಲಿ ಹುಟ್ಟಿದವನಲ್ಲ. ಎರಡು ದಿನದ ದಾರಿಯ ಕುರಿಹಟ್ಟಿಯಿಂದ ಹೆಗಲ ಮೇಲೊಂದು ಕಂಬಳಿ, ಬಾಯಿ ತುಂಬ ಮಾತು ಹೊತ್ತುಕೊಂಡು ಬಂದವನು. ಹಟ್ಟಿಯಲ್ಲಿ ತಗರನ್ನು ಕೊಂಬು ಹಿಡಿದು ಎತ್ತುತ್ತಿದ್ದೆ ಅಂದ. ತೋಳ ತನ್ನ ಹೆಸರು ಕೇಳಿದರೆ ದಾರಿ ಬದಲಿಸುತ್ತದೆ ಅಂದ. ಆಗಿನ ಭಾರದವನು ಹಲ್ಲಿಲ್ಲದ ಮುದುಕ. ಕೈ ಮಾಡಿ ಕಲ್ಲಿನ ರಾಶಿ ತೋರಿಸಿದ. ಹುಡುಗ ಬಗಲಿಗೊಂದರಂತೆ ಎರಡು ಕಲ್ಲು ಎತ್ತಿ ನಿಂತು ಸುತ್ತ ನೋಡಿದ. ಮುದುಕ ಒಂದನ್ನು ಕೆಳಗಿಳಿಸಿದ. ಎರಡೆರಡು ಎತ್ತಿದರೆ ಎಣಿಕೆ ತಪ್ಪುತ್ತೆ, ಒಂದೊಂದೇ, ಅಂದ. ಅವನು ಕಲಿಸಿದ ಮೊದಲ ಪಾಠ ಅದೇ. ಕೊನೆಯದೂ ಅದೇ.

ಆದರೆ ಹಟ್ಟಿಯ ಹುಡುಗನಿಗೆ ತೋಳಿಗಿಂತ ದೊಡ್ಡದೊಂದು ಆಸ್ತಿ ಇತ್ತು. ಅವನ ಕಿವಿ. ಮುನ್ನೂರು ಕುರಿಯ ಮಂದೆ ಗುಡ್ಡದಾಚೆ ಮೇಯುತ್ತಿದ್ದರೂ ಗಂಟೆಯ ಸದ್ದಿನಲ್ಲೇ ಯಾವ ಕುರಿ ಕುಂಟುತ್ತಿದೆ, ಯಾವುದು ಗಬ್ಬವಾಗಿದೆ ಎಂದು ಹೇಳಬಲ್ಲ ಕಿವಿ. ಅಂಗಳದಲ್ಲಿ ಹಗ್ಗ ತೂಗುಹಾಕಿದಾಗ ಅವನು ಒಂದು ಬೆರಳಿನಿಂದ ಅದನ್ನು ಮೀಟುತ್ತಿದ್ದ, ತಲೆ ವಾರೆ ಮಾಡಿ ಕೇಳುತ್ತಿದ್ದ, ಎಣಿಕೆ ಹೇಳುತ್ತಿದ್ದ. ನಲವತ್ತೇಳು ಅಂದರೆ ನಲವತ್ತೇಳನೆಯ ಕಲ್ಲಿಗೆ ಅಕ್ಕ ಸಾಯುತ್ತಿದ್ದಳು. ಐವತ್ತೆರಡು ಅಂದರೆ ಐವತ್ತೆರಡಕ್ಕೆ. ಊರು ಮೊದಲು ನಕ್ಕಿತು, ಆಮೇಲೆ ಪಂದ್ಯ ಕಟ್ಟಿತು, ಆಮೇಲೆ ಪಂದ್ಯ ಕಟ್ಟುವುದನ್ನೇ ಬಿಟ್ಟಿತು. ಎದುರು ಕಟ್ಟುವವರು ಯಾರೂ ಉಳಿದಿರಲಿಲ್ಲ. ಮುದುಕ ಸಾಯುವ ದಿನ ಅವನ ಕಿವಿಯನ್ನು ಮುಟ್ಟಿ, ಒಳ್ಳೇ ಕಿವಿ ಮಗ, ಆದರೂ ಕಲ್ಲು ಹೇರು, ಎಂದು ಹೇಳಿ ಕಣ್ಣು ಮುಚ್ಚಿದ. ಮೊದಲರ್ಧ ಮಾತಷ್ಟೇ ಹುಡುಗನ ನೆನಪಿನಲ್ಲಿ ಉಳಿಯಿತು.

ನಲವತ್ತು ಹಗ್ಗ. ನಲವತ್ತು ಸಲವೂ ಕಿವಿ ಹೇಳಿದ್ದೇ ಆಯಿತು.

ಊರನ್ನು ಸೀಳಿಕೊಂಡು ಒಂದು ಕಮರಿ ಹಾದುಹೋಗಿತ್ತು. ಕಲ್ಲು ಹಾಕಿದರೆ ಸದ್ದು ತಿರುಗಿ ಬಾರದಷ್ಟು ಆಳ. ಈಚೆ ಮನೆಗಳು, ಅಂಗಳ, ಹಿರಿಯರು ಕೂರುವ ಕಟ್ಟೆ. ಆಚೆ ನೀರಿನ ಚಿಲುಮೆ, ಊರಿಗೆಲ್ಲ ಹಿಟ್ಟು ಬೀಸುವ ಮನೆ. ಕಮರಿಯ ಮೇಲೆ ಒಂದೇ ಒಂದು ಹಗ್ಗ. ಆ ಹಗ್ಗಕ್ಕೆ ಜೋತುಬಿದ್ದ ಮರದ ತೊಟ್ಟಿಲು. ಜನ, ನೀರು, ಹಿಟ್ಟು ಎಲ್ಲ ಅದರಲ್ಲೇ ಹೋಗಿ ಬರಬೇಕು. ತೊಟ್ಟಿಲು ನಡೆಸುವವನು ತೊಟ್ಟಿಲಿನವನು. ಭಾರದವನಿಗೆ ಆ ಊರಿನಲ್ಲಿ ಗೆಳೆಯ ಅಂತ ಇದ್ದವನು ಅವನೊಬ್ಬನೇ. ಕಿವಿಯಪ್ಪ ಎಂದು ಹೆಸರಿಟ್ಟವನೂ ಅವನೇ. ಕಿವಿಯಪ್ಪಾ, ನನ್ನ ಹೆಂಡತಿ ಹೊಟ್ಟೇಲಿರೋದು ಗಂಡೋ ಹೆಣ್ಣೋ ಮೀಟಿ ಹೇಳು, ಎನ್ನುತ್ತಿದ್ದ. ಹೆಂಡತಿ ಸೌಟು ಎಸೆದರೆ ಅದನ್ನೂ ಹಿಡಿದು, ಇದರ ಎಣಿಕೆ ಎಷ್ಟು, ಎಂದು ಕೇಳುತ್ತಿದ್ದ.

ಹಗ್ಗ ಮಾಡುವವಳು ಹೊಸೆಯುವವಳು. ಐವತ್ತು ದಾಟಿದ ಒಂಟಿ ಹೆಂಗಸು. ಅವಳ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಹುಲ್ಲು ಎಲ್ಲವನ್ನೂ ತಿಂದುಹಾಕಿತ್ತು. ಅವಳಿಗೆ ಒಂದು ಕಟ್ಟಳೆ ಇತ್ತು. ಕೂಗಿದ ಎಣಿಕೆಯ ಮೂರನೇ ಪಾಲಿನೊಳಗೇ ಹಗ್ಗ ಹರಿದರೆ ಹೊಸೆದವಳ ಕೈಗಳಿಗೆ ಬಿಳಿ ಬಟ್ಟೆ ಕಟ್ಟಬೇಕು. ಕಟ್ಟಿದ ಮೇಲೆ ಬಿಚ್ಚುವಂತಿಲ್ಲ. ಕಟ್ಟುವವನು ಭಾರದವನೇ. ಊರು ಹುಟ್ಟಿದಾಗಿನಿಂದ ಆ ಬಟ್ಟೆ ಅಕ್ಕಂದಿರ ಮನೆಯ ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು.

ಒಂದು ವರ್ಷ ಬೀಸುವ ಮನೆಯ ಕಲ್ಲು ಬಿರುಕುಬಿಟ್ಟಿತು. ಹೊಸ ಬೀಸುಕಲ್ಲು ಕಡಿಸಿದರು. ಅದರ ತೂಕ ನಲವತ್ತು ಹೊರೆ. ಎಷ್ಟೇ ಗಟ್ಟಿ ಹಗ್ಗವಾದರೂ ತೊಂಬತ್ತರ ಮೇಲೆ ಹೋದದ್ದಿಲ್ಲ. ತೊಂಬತ್ತರ ಮೂರನೇ ಪಾಲು ಮೂವತ್ತು. ನಲವತ್ತರ ಕಲ್ಲು ಆಚೆ ಹೋಗುವುದಾದರೂ ಹೇಗೆ? ಕಟ್ಟೆಯ ಹಿರಿಯ ತಲೆ ಕೆರೆದುಕೊಂಡ. ಜನ ಒರಳಿನಲ್ಲಿ ಕುಟ್ಟಿ ಕುಟ್ಟಿ ತೋಳು ಬಾತು ಕೂತರು.

ಆಗ ಭಾರದವನು ಕಟ್ಟೆಯ ಮುಂದೆ ಕಂಬಳಿ ಕೊಡವಿ ನಿಂತ. ಹೊಸೆಯುವವಳು ಆಗಷ್ಟೇ ತೊಟ್ಟಿಲಿಗೆ ಹೊಸ ಜೋಡಿ ಹೊಸೆದು ತಂದಿದ್ದಳು. ಅಕ್ಕ, ತಂಗಿ ಇಬ್ಬರೂ ಅಂಗಳದಲ್ಲಿ ತೂಗುತ್ತಿದ್ದರು. ಅವನು ಅಕ್ಕನನ್ನು ಮೀಟಿದ. ಕಂಚಿನ ತಟ್ಟೆಗೆ ಉಗುರು ತಗುಲಿದ ಹಾಗೆ ಸದ್ದು. ತಂಗಿಯನ್ನು ಮೀಟಿದ. ಅದೇ ಸದ್ದು, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ತೊಂಬತ್ತು ಅಂದ. ಅಕ್ಕನಿಗೂ ತೊಂಬತ್ತು, ತಂಗಿಗೂ ತೊಂಬತ್ತು. ಆಮೇಲೆ ಅವನು ಹೇಳಿದ ಮಾತಿಗೆ ಊರು ಉಸಿರು ಹಿಡಿಯಿತು. ಇಂಥ ಅಕ್ಕನನ್ನು ಕೊಲ್ಲುವುದು ಯಾಕೆ? ಎಣಿಕೆ ನನಗೆ ಆಗಲೇ ಗೊತ್ತಿದೆಯಲ್ಲ. ಇಬ್ಬರನ್ನೂ ಕಮರಿಯ ಮೇಲೆ ಕಟ್ಟಿ. ಒಬ್ಬಳಿಗೆ ಮೂವತ್ತಾದರೆ ಇಬ್ಬರಿಗೆ ಅರವತ್ತು. ಬೀಸುಕಲ್ಲಿನ ಜೊತೆಗೆ ಬೀಸುವವನನ್ನೂ ಹೊತ್ತು ಹೋಗುತ್ತಾರೆ. ಹಾಗೂ ಒಬ್ಬಳು ಸೋತರೆ ಇನ್ನೊಬ್ಬಳಿಲ್ಲವೇ?

ಸರಳ ಮಾತು. ಇಷ್ಟು ಸರಳ ಮಾತು ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಊರು ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ತೊಟ್ಟಿಲಿನವನು ಸಿಳ್ಳೆ ಹಾಕಿದ.

ಹೊಸೆಯುವವಳು ಮಾತ್ರ ಮುಂದೆ ಬಂದಳು. ಅವಳು ಹೆಚ್ಚು ಮಾತಿನವಳಲ್ಲ. ಮೇಲಿನ ಜೌಗು ಈ ಸಲ ಒಣಗಿದೆ, ಇದು ಕೆಳಗಿನ ಜೌಗಿನ ಹುಲ್ಲು, ಅಂದಳು.

"ಈ ಹುಲ್ಲು ನನ್ನ ಕೈಗೆ ಹೊಸದಪ್ಪ. ಇದರ ಗುಣ ನನಗೆ ಗೊತ್ತಿಲ್ಲ. ಅಕ್ಕನನ್ನು ಕೊಂದು ಹೇಳು."

ಭಾರದವನು ಊರ ಕಡೆ ತಿರುಗಿ ನಕ್ಕ. ಮಾತಾಡಿದ್ದು ಅವಳ ಜೊತೆ, ಹೇಳಿದ್ದು ಊರಿಗೆ.

"ಗೊತ್ತಿಲ್ಲದ ಮೇಲೆ ಹೊಸೆದಿದ್ಯಾಕವ್ವ? ನಿನಗೆ ಗೊತ್ತಿಲ್ಲದಿದ್ದರೆ ಬಿಡು, ನನಗೆ ಗೊತ್ತು."

ಊರು ನಕ್ಕಿತು. ಅವಳೂ ತುಸು ನಕ್ಕಳು. ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಗುವ ನಗು. ನಂತರ ಸೆರಗಿನಿಂದ ಕೈ ಒರೆಸಿಕೊಂಡು ಹಿಂದೆ ಸರಿದಳು. ಭಾರದವನು ತೊಂಬತ್ತು ಎಂದು ಮೂರು ಸಲ ಕೂಗಿದ. ಒಂದು ಕಲ್ಲೂ ಏರಿರಲಿಲ್ಲ. ಊರು ಮೂರು ಸಲ ತಿರುಗಿ ಹೇಳಿತು.

ಅಕ್ಕತಂಗಿಯರು ಕಮರಿಯ ಮೇಲೆ ಜೊತೆಯಾಗಿ ನಿಂತರು. ಹೆಂಗಸರು ಇಬ್ಬರಿಗೂ ಹೂ ಮುಡಿಸಿದರು. ಪಾಪ, ಈಗ ತಂಗಿಗೂ ಜೊತೆಯಾಯಿತು, ಎಂದು ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಮೊದಲ ದಿನ ಒಂದೇ ಸಲಕ್ಕೆ ನಲವತ್ತು ಹೊರೆ ಹೋಯಿತು, ಎರಡನೆಯ ದಿನ ಐವತ್ತು. ಬೆಳಗಿನಿಂದ ಬೈಗಿನವರೆಗೆ ಕಾಯುತ್ತಿದ್ದವರು ಈಗ ಉಂಡು, ಮಲಗಿ, ಎದ್ದು ಬಂದರೂ ತೊಟ್ಟಿಲು ಸಿಗುತ್ತಿತ್ತು. ಒಂದು ತಿಂಗಳು ಹೀಗೇ ಕಳೆಯಿತು. ಕಟ್ಟೆಯ ಹಿರಿಯ ಪಕ್ಕಕ್ಕೆ ಸರಿದು ಭಾರದವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡ. ಹೊರಗಿನಿಂದ ಬಂದವನೊಬ್ಬ ಆ ಕಟ್ಟೆ ಏರಿದ್ದು ಅದೇ ಮೊದಲು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು, ಹಟ್ಟಿಯಲ್ಲಿ ಇದ್ದಿದ್ದರೆ ನೋಡಬೇಕಿತ್ತು, ಎಂದು ಯಾವುದೋ ತೋಳದ ಕಥೆ ಹೇಳಿದ. ಎಲ್ಲರೂ ಕೇಳಿದರು.

ಬೀಸುಕಲ್ಲು ಕಳಿಸಲೆಂದು ಹಿರಿಯ ನೋಡಿಟ್ಟಿದ್ದ ಒಳ್ಳೆಯ ದಿನ ಬಂತು. ನಡುಮಧ್ಯಾಹ್ನ. ಕಲ್ಲಿನ ನಲವತ್ತು, ತೊಟ್ಟಿಲಿನವನ ಎರಡು, ಜೋಳದ ಚೀಲ ಒಂದಾದ ಮೇಲೊಂದು. ನಲವತ್ತೊಂಬತ್ತು ಆದಾಗ ಯಾರೋ ಸಾಕು ಅಂದರು. ತೊಟ್ಟಿಲಿನವನು, ಕಿವಿಯಪ್ಪ ಅರವತ್ತು ಅಂದವ್ನೆ, ಸಾಕು ಅನ್ನೋಕೆ ನೀವ್ಯಾರಪ್ಪ, ಹಾಕ್ರೋ, ಅಂದ. ಐವತ್ತೆಂಟು ಹೊರೆ ಹೊತ್ತು ತೊಟ್ಟಿಲು ಕಮರಿಯ ನಡುವಿಗೆ ಹೋಯಿತು. ಅಲ್ಲಿಂದ ಅವನು ಈಚೆ ದಡಕ್ಕೆ ತಿರುಗಿ, ಕಟ್ಟೆಯ ಮೇಲಿದ್ದ ಗೆಳೆಯನನ್ನು ನೋಡಿ, ತನ್ನ ಎರಡೂ ಕಿವಿ ಹಿಡಿದು ಅಗಲಿಸಿ ಕುಣಿಸಿದ.

ಊರಿಗೆಲ್ಲ ಒಂದೇ ಸದ್ದು ಕೇಳಿತು. ಈವತ್ತಿಗೂ ಹಾಗೇ ಹೇಳುತ್ತಾರೆ: ಒಂದೇ ಸದ್ದು. ಭಾರದವನಿಗೆ ಎರಡು ಕೇಳಿದವು. ಮೊದಲು ಅಕ್ಕ. ರೆಪ್ಪೆ ಬಡಿಯುವಷ್ಟು ಬಿಡುವು. ಆಮೇಲೆ ತಂಗಿ. ಆ ರೆಪ್ಪೆಯಷ್ಟು ಬಿಡುವಿನಲ್ಲಿ ಅವನಿಗೆ ಎಲ್ಲ ಗೊತ್ತಾಯಿತು. ಒಬ್ಬಳು ಸೋತರೆ ಇನ್ನೊಬ್ಬಳಿಲ್ಲವೇ ಎಂದಿದ್ದ. ಇದ್ದಳು. ಅಷ್ಟು ಹೊತ್ತು ಇದ್ದಳು.

ಕಮರಿಯಿಂದ ಸದ್ದು ತಿರುಗಿ ಬರಲಿಲ್ಲ.

ಮೂರನೆಯ ದಿನ ಊರು ಕಟ್ಟೆಯ ಮುಂದೆ ಸೇರಿತು. ತೊಟ್ಟಿಲಿನವನ ಹೆಂಡತಿ ಐದು ತಿಂಗಳ ಹೊಟ್ಟೆ ಹೊತ್ತು ಗೋಡೆಗೆ ಒರಗಿ ಕೂತಿದ್ದಳು. ಹಿರಿಯ ಬಿಡಿಸಿ ಬಿಡಿಸಿ ಹೇಳಿದ. ಕೂಗಿದ ಎಣಿಕೆ ತೊಂಬತ್ತು. ಹೊರಿಸಿದ್ದು ಒಬ್ಬೊಬ್ಬಳ ಮೇಲೆ ಮೂವತ್ತರ ಒಳಗೆ. ಭಾರದವನ ಕಿವಿ ನಲವತ್ತು ಸಲದಲ್ಲಿ ಒಂದು ಸಲವೂ ತಪ್ಪಿಲ್ಲ. ಕಿವಿ ತಪ್ಪಿಲ್ಲ ಅಂದ ಮೇಲೆ ತಪ್ಪಿದ್ದು ಕೈ.

ಊರು ಹೌದು ಹೌದು ಎಂದಿತು. ಆ ಹೌದಿನಲ್ಲಿ ಒಂದು ನೆಮ್ಮದಿ ಇತ್ತು. ಒಂದು ಕಲ್ಲೂ ಏರದೆ ತೊಂಬತ್ತು ಎಂದು ಮೂರು ಸಲ ಹೇಳಿದ ಬಾಯಿಗಳು ಅವು.

ಭಾರದವನು ಕಟ್ಟೆಯ ಮೇಲಿದ್ದ. ಈಗ ಎದ್ದು ನಿಲ್ಲುತ್ತೇನೆ ಎಂದುಕೊಂಡ. ಹಿರಿಯ ಪೆಟ್ಟಿಗೆ ತರಿಸಿದ. ಪೆಟ್ಟಿಗೆ ತೆರೆದ ಮೇಲೆ ಹೇಳುತ್ತೇನೆ ಎಂದುಕೊಂಡ. ಪೆಟ್ಟಿಗೆ ತೆರೆದರು. ಬಟ್ಟೆಯ ಮಡಿಕೆಗಳು ಹಳದಿಗಟ್ಟಿದ್ದವು. ಅದನ್ನು ಅವನ ಕೈಗೆ ಕೊಟ್ಟರು. ಹೊಸೆಯುವವಳು ಬಂದು ಎರಡೂ ಕೈ ಮುಂದೆ ಚಾಚಿ ನಿಂತಳು. ಹೊಸ ಜೌಗಿನ ಮಾತನ್ನು ಅವಳು ಎತ್ತಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಸಿಟ್ಟು ಬರುತ್ತಿತ್ತು.

ಅವನು ಕಟ್ಟಿದ. ಬೆರಳುಗಳ ಮೇಲೆ ಒಂದು ಸುತ್ತು, ಅಂಗೈ ಮೇಲೆ ಒಂದು ಸುತ್ತು, ಮಣಿಕಟ್ಟಿನ ಮೇಲೆ ಗಂಟು. ಗಂಟು ಜಾರಿತು. ಮತ್ತೆ ಹಾಕಿದ. ಮತ್ತೆ ಜಾರಿತು. ಇಡೀ ಊರು ಕಾಯುತ್ತಿತ್ತು. ಆಗ ಅವಳು ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು.

"ಎಡಗಡೆಯಿಂದ ತಗೊಂಡು ಬಾರಪ್ಪ. ಹಂಗೆ ಹಾಕಿದ್ರೆ ಜಾರ್ತದೆ."

ಅವನು ಎಡಗಡೆಯಿಂದ ತಂದ. ಗಂಟು ಕೂತಿತು.

ಆ ದಿನದಿಂದ ಊರು ಅವನನ್ನು ಇನ್ನೂ ಹೆಚ್ಚು ಚೆನ್ನಾಗಿ ನೋಡಿಕೊಂಡಿತು. ಎದುರು ಸಿಕ್ಕವರೆಲ್ಲ, ನಿನ್ನದೇನೂ ತಪ್ಪಿಲ್ಲ ಬಿಡಪ್ಪ, ಎನ್ನುತ್ತಿದ್ದರು. ಮನೆಗೆ ಹಾಲು ಕಳಿಸುತ್ತಿದ್ದರು. ಹಾಲು ಕುಡಿಯಲು ಚೆಂಬು ಎತ್ತಿದರೆ ತನ್ನ ಹತ್ತು ಬೆರಳು ಕಾಣುತ್ತಿದ್ದವು. ಚೆಂಬು ಕೆಳಗಿಡುತ್ತಿದ್ದ. ಹೊಸೆಯುವವಳಿಗೆ ನೆರೆಮನೆಯವಳು ತುತ್ತು ತಿನ್ನಿಸುತ್ತಿದ್ದಳು. ನೆರೆಮನೆಯವಳು ಬಾರದ ದಿನ ಅವಳು ಬಾಗಿಲ ಕಲ್ಲುಬಾನಿಗೆ ಬಾಗಿ, ದನದ ಹಾಗೆ ನೀರು ಕುಡಿಯುತ್ತಿದ್ದಳು. ಒಂದು ಹಗಲು ಅದನ್ನು ಅವನು ನೋಡಿದ. ನೋಡಿದ್ದನ್ನು ಅವಳು ನೋಡಿದಳೋ ಏನೋ, ತುಟಿಯನ್ನು ತೋಳಿಗೆ ಒರೆಸಿಕೊಂಡು ಒಳಗೆ ಹೋದಳು. ಅವನು ಆ ಬೀದಿಯನ್ನೇ ಬಿಟ್ಟ. ಹಟ್ಟಿಯ ಗಂಡು, ತೋಳಕ್ಕೆ ದಾರಿ ಬಿಡದವನು, ಒಂದು ನೀರಿನ ಬಾನಿಗೆ ಹೆದರಿ ಊರು ಸುತ್ತಿ ಮನೆಗೆ ಹೋಗುತ್ತಿದ್ದ.

ಹಗ್ಗವಿಲ್ಲದೆ ಊರಿಗೆ ನೀರಿಲ್ಲ. ಕಮರಿಯನ್ನು ಬಳಸಿಕೊಂಡು ಅರ್ಧ ದಿನ ನಡೆದು ಹೆಂಗಸರು ನೀರು ಹೊರುತ್ತಿದ್ದರು. ಹಿರಿಯ ಬೇರೊಂದು ಊರಿನ ಹೊಸೆಯುವವಳನ್ನು ಕರೆಸಿದ. ಅವಳು ಪರ ಊರಿನವಳು, ಚುರುಕು ಕೈಯವಳು. ಕೆಳಗಿನ ಜೌಗಿಗೇ ಹೋಗಿ ಹುಲ್ಲು ಕೊಯ್ದು, ಒಂದು ಜೋಡಿ ಹೊಸೆದುಕೊಟ್ಟು, ಎಲೆ ಅಡಿಕೆ ತೆಗೆದುಕೊಂಡು ಹೊರಟುಹೋದಳು. ಆ ಅಕ್ಕತಂಗಿಯರನ್ನು ಅಂಗಳದಲ್ಲಿ ತೂಗುಹಾಕಿದರು. ಇನ್ನೊಂದು ಬೀಸುಕಲ್ಲು ಆಗಲೇ ಸಿದ್ಧವಾಗಿ ದಡದಲ್ಲಿ ಕೂತಿತ್ತು. ಹಿರಿಯ ಹೇಳಿದ, ಈ ಸಲ ಕೈ ಬೇರೆ, ಇನ್ನು ಭಯವಿಲ್ಲ. ಮೀಟಿ ಎಣಿಕೆ ಹೇಳಪ್ಪ, ಇಬ್ಬರನ್ನೂ ಕಟ್ಟಿಬಿಡೋಣ.

ಭಾರದವನು ಅಕ್ಕನ ಮುಂದೆ ನಿಂತು ಬೆರಳೆತ್ತಿದ. ಮೀಟಿದ.

ಕಂಚಿನ ತಟ್ಟೆಗೆ ಉಗುರು ತಗುಲಿದ ಹಾಗೆ. ಅದೇ ಸದ್ದು. ತಲೆ ವಾರೆ ಮಾಡಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಕೇಳಿದ. ತೊಂಬತ್ತು, ಎಂದಿತು ಕಿವಿ. ಕೈ ಬೇರೆ, ಹುಲ್ಲು ಅದೇ, ಸದ್ದು ಅದೇ.

ಊರು ಬಾಯಿ ತೆರೆದುಕೊಂಡು ನಿಂತಿತ್ತು, ತಿರುಗಿ ಹೇಳಲು. ತೊಟ್ಟಿಲಿನವನ ತಮ್ಮ ಹೊಸ ತೊಟ್ಟಿಲಿನ ಪಕ್ಕದಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಸಿದ್ಧನಾಗಿದ್ದ. ಅಣ್ಣನದೇ ಹಲ್ಲು, ಅಣ್ಣನದೇ ನಗು.

ಭಾರದವನು ಬೆರಳು ಹಿಂದೆಗೆದ. ರಾಶಿಯ ಹತ್ತಿರ ಹೋಗಿ ಒಂದು ಕಲ್ಲು ಎತ್ತಿಕೊಂಡು ಬಂದ. ಅಕ್ಕನಿಗೆ ಅರಿಶಿನ ಹಚ್ಚುವವರಿರಲಿಲ್ಲ, ಅವನೇ ಹಚ್ಚಿದ. ಕುಂಕುಮ ಇಟ್ಟ. ಅಕ್ಕಾ, ತಂಗಿಗೋಸ್ಕರ ಹೇಳು, ಅಂದ. ಎಷ್ಟೋ ತಿಂಗಳಾಗಿತ್ತು ಆ ಮಾತು ಆಡಿ. ಕಲ್ಲು ಹೇರಿದ. ಹಿರಿಯ ಎದ್ದು ನಿಂತು, ಏನು ಮಾಡ್ತಿದ್ದೀಯ, ಹೊತ್ತಿಲ್ಲ, ನೀರಿಲ್ಲ, ಅಂದ. ಅವನು ಎರಡನೆಯ ಕಲ್ಲು ಹೇರಿದ. ಗುಂಪಿನಲ್ಲಿ ಯಾರೋ ಕಿವಿಗೆ ವಯಸ್ಸಾಯಿತೇನೋ ಅಂದರು, ಯಾರೋ ನಕ್ಕರು. ಅವನು ಒಂದೊಂದೇ ಹೇರಿದ. ಬಗಲಿಗೊಂದರಂತೆ ಎರಡು ಎತ್ತಬಲ್ಲವನು ಒಂದೊಂದೇ ಎತ್ತಿದ. ಹತ್ತು. ಹನ್ನೊಂದು. ನೆತ್ತಿಯ ಸೂರ್ಯ ಕಲ್ಲುಗಳನ್ನು ಕಾಯಿಸಿದ್ದ, ಅಂಗೈ ಸುಡುತ್ತಿತ್ತು. ಇಪ್ಪತ್ತು. ಕಿವಿ ತೊಂಬತ್ತು ಎನ್ನುತ್ತಲೇ ಇತ್ತು. ಇಪ್ಪತ್ತೇಳು, ಇಪ್ಪತ್ತೆಂಟು.

ತೊಂಬತ್ತಕ್ಕೇ ಸಾಯಲಿ ಎಂದು ಅವನ ಒಳಗೊಬ್ಬ ಬೇಡುತ್ತಿದ್ದ. ತೊಂಬತ್ತಾದರೆ ತಪ್ಪು ಆ ಕೈಗಳದೇ. ಕಟ್ಟಿದ್ದು ಸರಿ. ಕಟ್ಟೆ ಉಳಿಯುತ್ತದೆ, ಹಾಲು ಬರುತ್ತದೆ. ಹೀಗೆ ಬೇಡುತ್ತಿರುವವನು ತಾನೇ ಎಂದು ಗೊತ್ತಾದಾಗ ಅವನಿಗೆ ಹೇಸಿಗೆಯಾಯಿತು. ಬೇಡುವುದು ಮಾತ್ರ ನಿಲ್ಲಲಿಲ್ಲ.

ಮೂವತ್ತೊಂದನೆಯ ಕಲ್ಲಿಗೆ ಅಕ್ಕ ಸತ್ತಳು.

ತುಂಡಾದ ತುದಿ ಅವನ ಕಾಲ ಬಳಿ ಬಿದ್ದಿತು. ಹೊರಗಿನ ಎಳೆಗಳೆಲ್ಲ ಹೊನ್ನಿನ ಬಣ್ಣ; ನಡುವೆ, ಕಣ್ಣಿಗಾಗಲಿ ಕಿವಿಗಾಗಲಿ ಸಿಗದ ಜಾಗದಲ್ಲಿ, ಕಪ್ಪಗೆ ಒಂದು ಕೊಳೆತ ತಿರುಳು. ಹೊರಗಿನದು ಹಾಡುತ್ತಿತ್ತು. ಒಳಗಿನದು ಸುಮ್ಮನಿತ್ತು. ಸುಮ್ಮನಿದ್ದದ್ದನ್ನು ಯಾವ ಕಿವಿ ಕೇಳಬಲ್ಲದು?

ಈಗ ಕೂಗಬೇಕು. ಕೂಗುವುದು ಕಟ್ಟಳೆ. ಮೂವತ್ತೊಂದರ ಮೂರನೇ ಪಾಲು ಹತ್ತು. ಹತ್ತು ಹೊರಬೇಕಾದವಳ ಮೇಲೆ ಸುಮಾರು ಮೂವತ್ತು ಹೊರಿಸಿದವನು ಯಾರು ಎಂದು ಆ ಎಣಿಕೆಯೇ ಹೇಳುತ್ತದೆ. ಅವನು ಊರಿನ ಕಡೆಗೆ ತಿರುಗಿ ನಿಂತ. ಗುಡ್ಡದಿಂದ ಗುಡ್ಡಕ್ಕೆ ಕೂಗಿ ಮಂದೆ ತಿರುಗಿಸುತ್ತಿದ್ದ ಗಂಟಲಿನಿಂದ ಕೂಗಿದ.

"ಮೂವತ್ತೊಂದು."

ಊರು ತಿರುಗಿ ಹೇಳಲಿಲ್ಲ. ಹಿರಿಯ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಮೂವತ್ತೊಂದು."

ತೊಟ್ಟಿಲಿನವನ ತಮ್ಮ ಸೊಂಟದ ಬಟ್ಟೆ ಸಡಿಲಿಸಿದ. ಯಾರೂ ತಿರುಗಿ ಹೇಳಲಿಲ್ಲ. ಮೂರನೆಯ ಸಲವೂ ಯಾರೂ ಹೇಳದಿದ್ದರೆ ಆ ಎಣಿಕೆ ಎಣಿಕೆಯಲ್ಲ. ಅಕ್ಕ ಸುಮ್ಮನೆ ಸತ್ತಂತೆ. ಅವನು ಬಾಗಿ ಕಪ್ಪು ತಿರುಳಿನ ತುದಿಯನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ.

"ಕೈ ಅಲ್ಲ. ಹುಲ್ಲು. ಹುಲ್ಲೂ ಅಲ್ಲ, ಅದನ್ನು ಆಯಮ್ಮ ಅವತ್ತೇ ಹೇಳಿದ್ದಳು. ನಾನು ಕಲ್ಲು ಹೇರಲಿಲ್ಲ. ಮೂವತ್ತೊಂದು."

ಗುಂಪಿನ ಹಿಂದಿನಿಂದ ಒಂದೇ ಒಂದು ದನಿ ತಿರುಗಿ ಹೇಳಿತು. ಮೂವತ್ತೊಂದು. ಜನ ಜಾಗ ಬಿಟ್ಟರು. ಹೊಸೆಯುವವಳು ಬಿಳಿ ಬಟ್ಟೆಯ ಕೈಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಆಮೇಲೆ ತೊಟ್ಟಿಲಿನವನ ಹೆಂಡತಿ ಹೇಳಿದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಭಾರದವನನ್ನೇ ನೋಡುತ್ತ. ಆಮೇಲೆ ಊರು ಹೇಳಿತು.

ಕಟ್ಟಿದ ಬಟ್ಟೆ ಬಿಚ್ಚುವ ಕಟ್ಟಳೆ ಇರಲಿಲ್ಲ. ಅವನು ಬಿಚ್ಚಿದ. ಯಾರೂ ಅಡ್ಡ ಬರಲಿಲ್ಲ. ಎಡಗಡೆಯಿಂದ ಹಾಕಿದ ಗಂಟು ಗಟ್ಟಿಯಾಗಿತ್ತು. ಹಲ್ಲು ಕಚ್ಚಿ ಎಳೆಯಬೇಕಾಯಿತು. ಒಳಗಿನ ಬೆರಳುಗಳು ನೀರಿನಲ್ಲಿ ನೆಂದವರ ಬೆರಳಿನ ಹಾಗೆ ಬಿಳಿಚಿ ಮಡಚಿಕೊಂಡಿದ್ದವು. ಅವನು ಅವುಗಳನ್ನು ಒಂದೊಂದಾಗಿ ಬಿಡಿಸಲು ಹೋದ. ಅವಳು ಕೈ ಎಳೆದುಕೊಂಡಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. ಅವಳು ತುಂಡು ಹಗ್ಗದ ಕಡೆ ನೋಡುತ್ತಿದ್ದಳು.

"ಅಕ್ಕತಂಗಿ ಇಬ್ಬರನ್ನೂ ಕಟ್ಟಿದರೆ ಇಬ್ಬರಾಗಲ್ಲ ಕಣಪ್ಪ. ಒಬ್ಬಳೇ ಎರಡು ಸಲ. ಜೊತೆ ಬೇಕಿದ್ದರೆ ಸವತಿಯರನ್ನು ಕಟ್ಟು. ಬೇರೆ ಜೌಗು, ಬೇರೆ ಕೈ. ಒಬ್ಬಳಿಗೆ ಬಂದ ಸಾವು ಇನ್ನೊಬ್ಬಳಿಗೆ ಬರಲ್ಲ."

ಗುಂಪಿನ ಮುದುಕಿಯೊಬ್ಬಳು, ಅದು ದಿಟ, ನನ್ನ ಸವತಿ ಇನ್ನೂ ಗುಂಡುಕಲ್ಲಿನ ಹಾಗವಳೆ, ಅಂದಳು. ನಗಬೇಕಾದ ಮಾತು. ಯಾರೂ ನಗಲಿಲ್ಲ. ಹೊಸೆಯುವವಳು ಮನೆಯ ದಾರಿ ಹಿಡಿದಳು. ಅವನನ್ನು ಕ್ಷಮಿಸಿದೆ ಎಂದು ಅವಳು ಆವತ್ತು ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಅವಳ ಬಲಗೈಯ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಮೂರು ಬೆರಳಿನಲ್ಲೇ ಹೊಸೆದಳು.

ಈಗ ಆ ಕಮರಿಯ ಮೇಲೆ ಎರಡು ಹಗ್ಗಗಳಿವೆ. ಒಂದು ಮೇಲಿನ ಜೌಗಿಗೆ ನೀರು ತಿರುಗಿ ಬಂದ ಮೇಲೆ ಮೂರು ಬೆರಳು ಹೊಸೆದದ್ದು. ಇನ್ನೊಂದು ದೂರದ ಊರಿನ ನಾರು, ದೂರದ ಕೈ. ಇಬ್ಬರ ಅಕ್ಕಂದಿರೂ ಅಂಗಳದಲ್ಲಿ ಸತ್ತಿದ್ದಾರೆ. ಇಬ್ಬರಿದ್ದರೂ ಒಬ್ಬಳಿಗೆ ತಕ್ಕಷ್ಟೇ ಹೊರಿಸುತ್ತಾರೆ. ದಡದಲ್ಲಿದ್ದ ನಲವತ್ತರ ಬೀಸುಕಲ್ಲು ಇಡಿಯಾಗಿ ಹೋಗಲೇ ಇಲ್ಲ. ಅದನ್ನು ನಾಲ್ಕು ಸಣ್ಣ ಕಲ್ಲುಗಳಾಗಿ ಕಡಿದು ಒಂದೊಂದಾಗಿ ಕಳಿಸಿದರು. ಹಿಟ್ಟು ಸ್ವಲ್ಪ ತರಿತರಿಯಾಗಿ ಬರುತ್ತದೆ. ಜನ ತಿನ್ನುತ್ತಾರೆ.

ಭಾರದವನು ಕಟ್ಟೆ ಇಳಿದ. ಊರು ಬಿಟ್ಟು ಹಟ್ಟಿಗೆ ಹೋಗುತ್ತೇನೆಂದು ಕಂಬಳಿ ಹೆಗಲಿಗೆ ಹಾಕಿದ್ದ, ಹಿರಿಯ ತಡೆಯಲಿಲ್ಲ. ತೊಟ್ಟಿಲಿನವನ ಹೆಂಡತಿ ಬಾಗಿಲಲ್ಲಿ ನಿಂತು, ಎತ್ತ ಹೊರಟೆ, ನನ್ನ ಮಗು ನಾಳೆ ಆ ತೊಟ್ಟಿಲಿನಲ್ಲಿ ಕೂರಬೇಕಲ್ಲ, ಅಂದಳು. ಅವನು ಕಂಬಳಿ ಇಳಿಸಿದ. ಊರು ಒಂದು ಹೊಸ ಕಟ್ಟಳೆ ಮಾಡಿತು. ಅಕ್ಕನನ್ನು ತೂಗುಹಾಕಿದ ಮೇಲೆ, ಮೊದಲ ಕಲ್ಲಿಗೆ ಮುಂಚೆ, ಊರು ಕೇಳಬೇಕು: ಭಾರದವನೇ, ಎಷ್ಟು? ಅವನು ಊರಿಗೆಲ್ಲ ಕೇಳುವ ಹಾಗೆ ಹೇಳಬೇಕು: ನನಗೆ ಗೊತ್ತಿಲ್ಲ. ಮೂರು ಸಲ. ಮೂರನೆಯ ಸಲ ಹೇಳಿದ ಮೇಲೆಯೇ ಕಲ್ಲು ಮುಟ್ಟಬೇಕು. ಮೊದಮೊದಲು ಪಡ್ಡೆಗಳು, ಎಷ್ಟು ಕಿವಿಯಪ್ಪ, ಎಂದು ಬೇಕೆಂದೇ ಎಳೆದು ಕೇಳುತ್ತಿದ್ದರು. ಅವನು ನೆಲ ನೋಡಿಕೊಂಡು ಹೇಳುತ್ತಿದ್ದ. ಈಗ ಪಡ್ಡೆಗಳಿಗೂ ಬೇಸರವಾಗಿದೆ.

ಮೊನ್ನೆ ಒಂದು ಹೊಸ ಅಕ್ಕನನ್ನು ತೂಗುಹಾಕಿದರು. ಮೀಟುವುದನ್ನು ಅವನು ಬಿಟ್ಟು ವರ್ಷಗಳಾದವು. ಆದರೆ ಕಂಬಕ್ಕೆ ಬಿಗಿಯುವಾಗ ಅವನ ಉಗುರು ಅವಳಿಗೆ ತಾಕಿತು. ಸದ್ದಾಯಿತು. ಅರವತ್ತೆರಡು, ಎಂದಿತು ಕಿವಿ.

ಊರು ಕೇಳಿತು: ಭಾರದವನೇ, ಎಷ್ಟು?

ನನಗೆ ಗೊತ್ತಿಲ್ಲ, ಅಂದ. ಗೊತ್ತಿಲ್ಲ, ಅಂದ. ಗೊತ್ತಿಲ್ಲ, ಅಂದ. ಒಂದೊಂದೇ ಕಲ್ಲು ಹೇರಿದ. ಬೆವರು ಕಣ್ಣಿಗಿಳಿಯಿತು. ತೊಟ್ಟಿಲಿನವನ ಮಗಳು ರಾಶಿಯ ಮೇಲೆ ಕೂತು ಬೆರಳು ಮಡಿಸುತ್ತಿದ್ದಳು. ಅರವತ್ತೆರಡನೆಯ ಕಲ್ಲಿಗೆ ಅಕ್ಕ ಸತ್ತಳು.

ಅವನು ಮೂರು ಸಲ ಕೂಗಿದ. ಊರು ಮೂರು ಸಲ ತಿರುಗಿ ಹೇಳಿತು. ಕಿವಿ ಮೊದಲೇ ಹೇಳಿತ್ತು ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು, ಎಳೆಯ ತಗರಿನ ಹಾಗೆ ಹಾಯುತ್ತಿತ್ತು. ಅವನು ಅದನ್ನು ಕೊಂಬು ಹಿಡಿದು ಒಳಕ್ಕೆ ತಳ್ಳಿ, ಬಾಗಿ, ಕಲ್ಲುಗಳನ್ನು ಒಂದೊಂದಾಗಿ ರಾಶಿಗೆ ಹೊತ್ತ.